ಅಮೆರಿಕದ ಅಧ್ಯಕ್ಷರಿಗೊಂದು ನಮಾನ್ ಮರಿಯೆ

ನಮ್ಮತ್ತೆ ಅಮೆರಿಕದ ಅಧ್ಯಕ್ಷರನ್ನು ಕಥೋಲಿಕರೆಂದು ತಿಳಿದಿದ್ದರು. ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ, ಟೀವಿ ನೋಡಿ ತಾವೇ ತೀರ್ಮಾನಿಸಿದ್ದು. ಆ ಮನುಷ್ಯ ಭಾಷಣ ಮುಗಿಸುವಾಗಲೆಲ್ಲ ದೇವರು ಅಮೆರಿಕವನ್ನು ಆಶೀರ್ವದಿಸಲಿ ಎನ್ನುತ್ತಿದ್ದನಲ್ಲ, ಅದನ್ನು ಕೇಳಿ ಅತ್ತೆ, "ನೋಡು ಬಾಯೆ, ಬೆಸಾಂವ್ ಕೊಡ್ತಾನೆ. ಒಳ್ಳೆ ಮನೆಯಲ್ಲಿ ಬೆಳೆದವ," ಎಂದರು.

ಮಂಗಳೂರು ಕಡೆಯ ನಮ್ಮ ಮನೆಗಳಲ್ಲಿ ಸಂಜೆ ಜಪಸರದ ಪ್ರಾರ್ಥನೆ ತಪ್ಪಿಸುವಂತಿಲ್ಲ. ಅದನ್ನು ತೆರ್ಸ್ ಅನ್ನುತ್ತೇವೆ. ತೆರ್ಸ್ ಮುಗಿದ ಕೂಡಲೇ ಕಿರಿಯರು ಕೈಮುಗಿದು ಹಿರಿಯರ ಮುಂದೆ ನಿಂತು ಆಶೀರ್ವಾದ ಕೇಳಬೇಕು, ಹಿರಿಯರು ಕೊಡಬೇಕು. ಅದೇ ಬೆಸಾಂವ್. ಹಗಲೆಲ್ಲ ಜಗಳ ಆಡಿದವರೂ ಆ ಹೊತ್ತಿಗೆ ಎದುರುಬದುರು ನಿಂತು ಅದನ್ನು ಕೇಳಿ ಕೊಟ್ಟು ಮಾಡಲೇಬೇಕು. ನನಗೂ ಅತ್ತೆಗೂ ಎಷ್ಟೋ ಸಲ ಹಾಗೆಯೇ ರಾಜಿಯಾದದ್ದುಂಟು. ಮಾತಿನ ಕೊನೆಗೆ ಬೆಸಾಂವ್ ಕೊಡುವ ಮನುಷ್ಯ ನಮ್ಮವನೇ ಆಗಿರಬೇಕು ಎಂಬುದು ಅವರ ಲೆಕ್ಕ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ. ಅವರ ಮಾತನ್ನು ಇಲ್ಲಿ ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನನ್ನನ್ನು ಮಗಳೇ ಎಂಬಂತೆ ಕರೆಯುವ ಬಾಯೆ ಒಂದನ್ನು ಹಾಗೆಯೇ ಬಿಟ್ಟು.

ಆಗ ನಾವಿದ್ದದ್ದು ನೈರೋಬಿಯ ಕಿಲೆಲೆಶ್ವಾದ ಒಂದು ಫ್ಲಾಟಿನಲ್ಲಿ. ನನ್ನ ಗಂಡ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ನಾನು ರಿವರ್‌ಸೈಡ್ ಕಡೆಯ ಶಾಲೆಯಲ್ಲಿ ಗಣಿತದ ಟೀಚರ್. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಬಂದಿದ್ದರು. ನೈರೋಬಿ ಅವರಿಗೆ ಬಹಳ ಹಿಡಿಸಿತ್ತು: ಸೆಕೆ ಇಲ್ಲ, ಸೊಳ್ಳೆ ಇಲ್ಲ, ಚರ್ಚಿನ ತುಂಬ ಜನ. ಒಂದೇ ಕೊರಗು ತೆರ್ಸಿನದು. ತೆರ್ಸ್ ಒಬ್ಬರೇ ಹೇಳುವಂಥದ್ದಲ್ಲ. ನಮಾನ್ ಮರಿಯೆ ಎಂದು ಶುರುವಾಗುವ ಮರಿಯಮ್ಮನವರ ಪ್ರಾರ್ಥನೆಯಲ್ಲಿ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಇನ್ನೊಬ್ಬರು ಹೇಳಬೇಕು. ಅವರ ಮಗ ಕಾರ್ಖಾನೆಯಿಂದ ಬರುವಾಗ ಅತ್ತೆಗೆ ತೂಕಡಿಕೆ. ನಮ್ಮ ಇಬ್ಬರು ಮಕ್ಕಳಿಗೆ ಕೊಂಕಣಿ ಅರ್ಥವಾಗುತ್ತಿತ್ತು, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ದೇವರಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತೇವೆ ಎಂದಾಗ ಅತ್ತೆ ಅವರನ್ನು ಕೈಬಿಟ್ಟರು. ನಾನು? ನಾನು ನೋಟ್‌ಬುಕ್ ತಿದ್ದುತ್ತ ಬಾಯಲ್ಲಿ ಪ್ರಾರ್ಥನೆ ಹೇಳುವವಳು. "ನಿನ್ನದು ತೆರ್ಸ್ ಅಲ್ಲ, ಮಗ್ಗಿ," ಅನ್ನುತ್ತಿದ್ದರು.

ಕೊನೆಗೆ ಅವರಿಗೆ ಸರಿಜೋಡಿಯಾಗಿ ಸಿಕ್ಕಿದ್ದು ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು. ಕೀನ್ಯಾದ ಪಶ್ಚಿಮದವಳು, ನಾಲ್ಕು ಮಕ್ಕಳ ತಾಯಿ, ಕಥೋಲಿಕಳು. ಅತ್ತೆ ಅವಳನ್ನು ಅಲ್ಲಿಯವರಂತೆ ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದರು, ಅವಳು ಅತ್ತೆಯನ್ನು ಶೋಶೋ, ಅಂದರೆ ಅಜ್ಜಿ. ಅವಳಿಗೆ ಕೊಂಕಣಿ ಬಾರದು, ಅತ್ತೆಗೆ ಸ್ವಾಹಿಲಿ ಬಾರದು, ಮಾತು ದಾಟಿಸಲು ನಾನೇ ಬೇಕು. ಆದರೆ ಜಪಮಣಿ ಜಾರುವ ಲಯ ಎಲ್ಲ ಕಡೆಯೂ ಒಂದೇ ತಾನೆ? ಒಂದು ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕೊಂಕಣಿಯಲ್ಲಿ ಅರ್ಧ ಹೇಳಿ ನಿಲ್ಲಿಸಿದಾಗ, ಒಳಗೆ ಪಾತ್ರೆ ತೊಳೆಯುತ್ತಿದ್ದ ಅವಳು ಸ್ವಾಹಿಲಿಯಲ್ಲಿ ಉಳಿದರ್ಧ ಹೇಳಿದಳು. "ಮರಿಯಾ ಮ್ಟಕಟೀಫು, ಮಾಮಾ ವಾ ಮುಂಗು..." ಸಂತ ಮರಿಯೆ, ದೇವರ ತಾಯೆ, ಪಾಪಿಗಳಾದ ನಮಗಾಗಿ ಪ್ರಾರ್ಥಿಸು. ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು! ಅಂದಿನಿಂದ ನಮ್ಮ ಮನೆಯ ತೆರ್ಸ್ ಐದು ಗಂಟೆಗೆ ಬಂತು, ಅವಳು ಕೆಲಸ ಮುಗಿಸಿ ಊರವರ ಮಟಾಟು ವ್ಯಾನ್ ಹಿಡಿಯುವ ಮೊದಲು. ಸೂರ್ಯ ಮುಳುಗುವ ಮುಂಚೆ ತೆರ್ಸ್ ಹೇಳುವ ಮಂಗಳೂರಿನವರು ಲೋಕದಲ್ಲಿ ನಾವೊಬ್ಬರೇ ಇದ್ದಿರಬೇಕು. ಕೊನೆಗೆ ಅವಳೂ ಕೈಮುಗಿದು ನಿಲ್ಲುತ್ತಿದ್ದಳು, ಅತ್ತೆ ಅವಳ ತಲೆ ಮುಟ್ಟಿ ಬೆಸಾಂವ್ ಕೊಡುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮಗೆ ಇದು ತಿಳಿದದ್ದು ಆಮೇಲೆ, ಆದರೆ ಗುಟ್ಟು ಬಚ್ಚಿಟ್ಟುಕೊಂಡು ಕಥೆ ಹೇಳುವುದು ನನಗೆ ಬರುವುದಿಲ್ಲ. ನಾಲ್ಕನೆಯ ಹೆರಿಗೆಯಲ್ಲಿ ಅವಳಿಗೆ ರಕ್ತ ನಿಲ್ಲದೆ ಜೀವ ಹೋಗಿ ಬಂದಿತ್ತು. ಇನ್ನೊಂದು ಬಸಿರಾದರೆ ಉಳಿಯುವುದು ಕಷ್ಟ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಂದಿನಿಂದ ಅವಳು ತನ್ನ ಕೇರಿಯ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ ಬಸಿರಾಗದಂತೆ ಮೂರು ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ಅವಳ ಪ್ರಾಣ ನಿಂತಿದ್ದದ್ದು ಆ ಸೂಜಿಯ ಮೇಲೆ.

ಆ ಕ್ಲಿನಿಕ್ಕಿಗೂ ಅಮೆರಿಕದ ಅಧ್ಯಕ್ಷರಿಗೂ ಏನು ಸಂಬಂಧ ಅಂದರೆ, ಇದು. 2001ರಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಅವರು ಒಂದು ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದರು. ಕುಟುಂಬ ಯೋಜನೆಗೆಂದು ಅಮೆರಿಕ ಕೊಡುವ ನೆರವು ಬೇಕಾದರೆ ಹೊರದೇಶದ ಸಂಸ್ಥೆಗಳು ಗರ್ಭಪಾತ ಮಾಡಬಾರದು, ಮಾಡಿಸಬಾರದು, ಬಂದ ಹೆಂಗಸು ಕೇಳಿದರೂ ಅದರ ಬಗ್ಗೆ ಸಲಹೆ ಕೊಡಬಾರದು ಎಂದು ಬರೆದುಕೊಡಬೇಕು. ಅಲ್ಲಿಯ ಚರ್ಚುಗಳವರು ಅವರಿಗೆ ಓಟು ಕೊಟ್ಟಿದ್ದರು, ಅವರು ಅದನ್ನು ಹೀಗೆ ತೀರಿಸಿದರು. ಕೀನ್ಯಾದಲ್ಲಿ ಕೆಲವು ಸಂಸ್ಥೆಗಳವರು, ನಮ್ಮ ಬಳಿ ಬಂದವರಿಗೆ ಏನು ಹೇಳಬೇಕೆಂದು ನೀವು ಹೇಳಿಕೊಡಬೇಡಿ ಎಂದು ಸಹಿ ಹಾಕಲಿಲ್ಲ. ನೆರವು ನಿಂತಿತು, ಬಡವರ ಕೇರಿಗಳಲ್ಲಿದ್ದ ಕ್ಲಿನಿಕ್ಕುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಮಕ್ಕಳಿಗೆ ಲಸಿಕೆ, ಬಸುರಿಯರಿಗೆ ತಪಾಸಣೆ ಮತ್ತು ಆ ಸೂಜಿ. ಇದನ್ನೆಲ್ಲ ನಾನು ಪೇಪರಿನಲ್ಲಿ ಓದಿದ್ದೆ. ಓದಿ ಸಿಟ್ಟಿನಿಂದ ಗಂಡನಿಗೆ ಓದಿ ಹೇಳಿದ್ದೆ. ಅವರು ಹೂಂ ಎಂದು ಕ್ರಿಕೆಟ್ ಸ್ಕೋರ್ ಕೇಳಿದರು.

ಅತ್ತೆ ಮಾತ್ರ ಅಧ್ಯಕ್ಷರನ್ನು ತೆರ್ಸಿಗೇ ಸೇರಿಸಿಬಿಟ್ಟಿದ್ದರು. ತೆರ್ಸಿನ ಕೊನೆಗೆ ಬೇರೆಬೇರೆ ಕೋರಿಕೆಗಳಿಗಾಗಿ ಒಂದೊಂದು ನಮಾನ್ ಮರಿಯೆ ಇರುತ್ತದೆ: ತೀರಿಹೋದವರ ಆತ್ಮಗಳಿಗೆ, ಪೋಪರಿಗೆ, ಕಾಯಿಲೆಯವರಿಗೆ, ಪಾಪಿಗಳ ಮನಸ್ಸು ತಿರುಗಲಿ ಎಂದು. ಪೋಪರಾದ ಮೇಲೆ ಅಮೆರಿಕದ ಅಧ್ಯಕ್ಷರು, ಅತ್ತೆಯ ಬಾಯಲ್ಲಿ ಬರೀ ಪ್ರೆಸಿಡೆಂಟ್. ಹೊಟ್ಟೆಯಲ್ಲಿರುವ ಕೂಸುಗಳನ್ನು ಕಾಯುವ ಮನುಷ್ಯ ಎಂದು ಚರ್ಚಿನ ಹೆಂಗಸರ ಕೂಟದಲ್ಲಿ ಯಾರೋ ಹೇಳಿದ್ದರಂತೆ.

ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ. "ಮಾಂಯ್, ಇರಾಕಿನ ಮೇಲೆ ಬಾಂಬ್ ಹಾಕಿದವರಿಗೆ ಪ್ರಾರ್ಥನೆ ಎಂತದು? ಆ ಮಕ್ಕಳು ಮಕ್ಕಳಲ್ವಾ?" ಅಂದೆ. ಮಾಂಯ್ ಅಂದರೆ ನಮ್ಮಲ್ಲಿ ಅತ್ತೆ.

"ನೀನು ಎಲ್ಲದಕ್ಕೂ ಅಡ್ಡ ಬಾಯಿ ಹಾಕ್ಬೇಡ. ಪ್ರಾರ್ಥನೆ ಮಾಡುವವನಿಗೆ ಪ್ರಾರ್ಥನೆ ಮಾಡಿದ್ರೆ ನಿನ್ನ ಗಂಟು ಎಂತ ಹೋಗ್ತದೆ?"

"ನಮ್ಮ ಮನೆ ತೆರ್ಸಲ್ಲಿ ಅವರ್ಯಾಕೆ?"

"ನಿನ್ನ ಮನೆ ಹೌದು. ತೆರ್ಸ್ ನಂದು," ಎಂದು ಅವರು ಮಣಿ ಎಣಿಸತೊಡಗಿದರು.

2004ರಲ್ಲಿ ಅಲ್ಲಿ ಮತ್ತೆ ಚುನಾವಣೆ ಬಂತು. ನಮ್ಮ ಊರಿನ ಕಡೆಯ ಒಬ್ಬ ಪಾದ್ರಿಯವರು ಆಗೀಗ ಊಟಕ್ಕೆ ಬರುತ್ತಿದ್ದರು. ಅತ್ತೆ ಅವರಿಗೆ ಮೀನಿನ ಗಸಿ ಬಡಿಸುತ್ತ, "ನಮ್ಮವ ಈ ಸಲವೂ ಗೆಲ್ತಾನಲ್ವಾ ಫಾದರ್?" ಎಂದರು.

"ನಮ್ಮವ ಯಾರು?"

"ಅಮೆರಿಕದ ಪ್ರೆಸಿಡೆಂಟ್!"

ಪಾದ್ರಿಯವರು ನಕ್ಕರು. "ಅವ್ರು ಪ್ರೊಟೆಸ್ಟೆಂಟ್ ಅಲ್ವಾ, ಅಮ್ಮಾ. ನಮ್ಮ ಕಥೋಲಿಕ ಅಂದ್ರೆ ಎದುರಿಗೆ ನಿಂತಿದ್ದಾನಲ್ಲ, ಅವ."

ಸೌಟು ಗಾಳಿಯಲ್ಲೇ ನಿಂತಿತು. ಅತ್ತೆಯ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ದೇವರೇ! ನಮಾನ್ ಮರಿಯೆ ಗೊತ್ತೇ ಇಲ್ಲದವನಿಗೆ ನಾನು ಇಷ್ಟು ವರ್ಷ ನಮಾನ್ ಮರಿಯೆ ಹೇಳಿದ್ದಾ?" ಎಂದರು. ಗಸಿ ಪಾದ್ರಿಯವರ ತಟ್ಟೆ ಬಿಟ್ಟು ಮೇಜಿನ ಮೇಲೆ ಬಿತ್ತು.

ಆದರೆ ಆ ಕಥೋಲಿಕನಿಗೆ ಅವರ ಪ್ರಾರ್ಥನೆ ಸಿಗಲಿಲ್ಲ. ಗರ್ಭಪಾತದ ವಿಷಯದಲ್ಲಿ ಅವನು ಧರ್ಮಸಭೆಯ ಮಾತು ಕೇಳುವವನಲ್ಲ, ಅವನಿಗೆ ಪರಮಪ್ರಸಾದ ಕೊಡುವುದಿಲ್ಲ ಎಂದು ಅಲ್ಲಿಯ ಕೆಲವು ಬಿಷಪರೇ ಹೇಳುತ್ತಿದ್ದಾರೆ ಎಂದು ಪಾದ್ರಿಯವರು ವಿವರಿಸಿದರು. ಅತ್ತೆ ಮೇಜು ಒರೆಸುತ್ತ ಕೇಳಿಸಿಕೊಂಡರು. ಎರಡು ದಿನ ತೆರ್ಸಿನಲ್ಲಿ ಇಬ್ಬರಲ್ಲಿ ಯಾರೂ ಬರಲಿಲ್ಲ. ಮೂರನೆಯ ದಿನ ತೆರ್ಸಿನಲ್ಲಿ ಹಳೆಯ ಅಧ್ಯಕ್ಷರೇ ಮತ್ತೆ ಬಂದರು, ಜೊತೆಗೆ ಒಂದು ಹರಕೆ: ಅವರು ಗೆದ್ದರೆ ವೋರ್ನ್ ಮಾಡುತ್ತೇನೆ ಎಂದು. ವೋರ್ನ್ ಅಂದರೆ ಕಡ್ಲೆಬೇಳೆ, ಬೆಲ್ಲ, ತೆಂಗಿನಹಾಲಿನ ನಮ್ಮ ಪಾಯಸ.

"ಅಮ್ಮಾ, ನಿಂಗೆ ಅಲ್ಲಿ ಓಟುಂಟಾ?" ಎಂದು ನನ್ನ ಗಂಡ ರೇಗಿಸಿದರು.

"ಓಟು ಒಂದೇ ಸಲ ಹಾಕ್ಲಿಕ್ಕೆ ಆಗುದು. ನಾನು ದಿನಾ ಹಾಕ್ತೇನೆ," ಎಂದರು ಅತ್ತೆ.

ಮತ್ತು ಪ್ರತಿದಿನ ಆ ನಮಾನ್ ಮರಿಯೆಯ ಉಳಿದರ್ಧ ಹೇಳುತ್ತಿದ್ದವಳು ಮಾಮಾ. ಕಣ್ಣು ಮುಚ್ಚಿ, ಒಂದು ಅಕ್ಷರ ಬಿಡದೆ.

ಅಧ್ಯಕ್ಷರು ಗೆದ್ದರು. ಸುದ್ದಿ ಬಂದ ಮರುದಿನ ನಾನು ಶಾಲೆಯಿಂದ ಬಂದಾಗ ಅಡುಗೆಮನೆಯಲ್ಲಿ ಬೆಲ್ಲ ಕರಗುತ್ತಿತ್ತು. ಮಾಮಾ ನೆಲದ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದಳು. ನನಗೆ ಮೊದಲೇ ಮೈಯೆಲ್ಲ ಉರಿಯುತ್ತಿತ್ತು. "ಇನ್ನು ನಾಲ್ಕು ವರ್ಷ ತಿನ್ನಿ ನಿಮ್ಮ ಪಾಯಸ," ಎಂದು ಗೊಣಗುತ್ತ ಚೀಲ ಇಟ್ಟೆ. ಅಷ್ಟರಲ್ಲಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಬಚ್ಚಲಿಗೆ ಓಡಿದಳು.

ಅತ್ತೆ ಅವಳ ಹಿಂದೆಯೇ ಹೋಗಿ ಬೆನ್ನು ಸವರಿದರು. ವಾಪಸ್ ಬಂದಾಗ ಅವರ ಮುಖದ ತುಂಬ ನಗು. "ಇವಳಿಗೆ ಹೊಟ್ಟೆಯಲ್ಲುಂಟು ಬಾಯೆ! ಬೆಲ್ಲದ ವಾಸನೆ ಆಗುದಿಲ್ಲ. ನಂಗೂ ಹಾಗೇ ಆಗ್ತಿತ್ತು. ಕೇಳು, ಎಷ್ಟು ತಿಂಗಳು?"

ಕೇಳಿದೆ. ಅವಳು ಸ್ಟೂಲಿನ ಮೇಲೆ ಕುಳಿತು ಅಳಲು ಶುರುಮಾಡಿದಳು. ಹಗುರವಾದ ಅಳು ಅಲ್ಲ ಅದು. ಆಮೇಲೆ ನಾನು ಅವಳು ಹೇಳಿದ್ದನ್ನು ಅತ್ತೆಗೆ, ಅತ್ತೆ ಕೇಳಿದ್ದನ್ನು ಅವಳಿಗೆ ದಾಟಿಸುತ್ತ ಇಬ್ಬರ ನಡುವೆ ನಿಂತೆ. ನನ್ನ ಜೀವನದಲ್ಲಿ ಅಂಥ ಕೆಟ್ಟ ಕೆಲಸ ಇನ್ನೊಂದನ್ನು ಮಾಡಿಲ್ಲ.

ನಾಲ್ಕನೆಯ ಹೆರಿಗೆಯ ಕಥೆ ಹೇಳಿದಳು. ಸೂಜಿಯ ವಿಷಯ ಹೇಳಿದಳು. ಅತ್ತೆ ಹುಬ್ಬು ಗಂಟಿಕ್ಕಿದರು. ಒಂದು ದಿನ ಹೋದರೆ ಕ್ಲಿನಿಕ್ಕಿಗೆ ಬೀಗ ಹಾಕಿತ್ತಂತೆ. ಇನ್ನೊಂದು ಬಹಳ ದೂರ. ಅಲ್ಲಿಗೂ ಹೋಗಿದ್ದಳು, ಔಷಧಿ ಬಂದಿಲ್ಲ, ಮುಂದಿನ ವಾರ ಬಾ ಅಂದರಂತೆ. ಮುಂದಿನ ವಾರವೂ ಇಲ್ಲ.

"ನಮಗೆ ಯಾಕೆ ಹೇಳ್ಲಿಲ್ಲ ನೀನು! ಇಲ್ಲೇ ಹರ್ಲಿಂಗ್‌ಹ್ಯಾಮಿನಲ್ಲಿ ಡಾಕ್ಟ್ರು ಇಲ್ವಾ?" ಎಂದು ನಾನೇ ಕೊಂಕಣಿಯಲ್ಲಿ ಕೇಳಿಬಿಟ್ಟೆ. ಅವಳಿಗೆ ಸ್ವಾಹಿಲಿಯಲ್ಲಿ ಮತ್ತೆ ಕೇಳಿದೆ.

ಅವಳು ಅತ್ತೆಯ ಕೊರಳಿನ ಜಪಸರ ತೋರಿಸಿದಳು. ದಿನಾ ಪ್ರಾರ್ಥನೆ ಮಾಡುವ ಮನೆ ಇದು. ಶೋಶೋಗೆ ಗೊತ್ತಾದರೆ ಬೆಸಾಂವ್ ಕೊಡುವುದಿಲ್ಲ ಎಂದು ಹೆದರಿದೆ, ಎಂದಳು.

ನಾನು ದಾಟಿಸಿದೆ. ಅತ್ತೆ ಒಲೆ ಆರಿಸಿದರು. "ಕ್ಲಿನಿಕ್ ಎಂತಕ್ಕೆ ಮುಚ್ಚಿದ್ದಂತೆ?" ಎಂದು ಕೇಳಿದರು.

ನನಗೆ ಉತ್ತರ ಗೊತ್ತಿತ್ತು, ಆದರೂ ಅವಳನ್ನೇ ಕೇಳಿದೆ. ಅಲ್ಲಿಯ ನರ್ಸ್ ಹೇಳಿದಳಂತೆ: ಅಮೆರಿಕದ ಅಧ್ಯಕ್ಷ ನೆರವು ನಿಲ್ಲಿಸಿದ್ದಾನೆ, ಅವನಿಗೆ ನಮ್ಮ ಮೇಲೆ ಸಿಟ್ಟು. ಯಾಕೆ ಸಿಟ್ಟೋ ಅವಳಿಗೆ ತಿಳಿಯದು. ಅಷ್ಟು ದೂರದವನಿಗೆ ನಾನೇನು ಮಾಡಿದ್ದೆ, ಎಂದು ಅವಳು ನನ್ನನ್ನೇ ಕೇಳಿದಳು.

ಆ ಮಾತನ್ನೂ ದಾಟಿಸಿದೆ. ಸ್ವಲ್ಪವೂ ಮೆತ್ತಗೆ ಮಾಡಲಿಲ್ಲ. ನನಗೆ ಅತ್ತೆಯ ಮೇಲೆ ಅಷ್ಟು ಸಿಟ್ಟಿತ್ತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ತೆರ್ಸಲ್ಲಿ ನಾವು ಯಾರಿಗೆ ಹೇಳ್ತೇವೆ ಅಂತ ಇವಳಿಗೆ ಗೊತ್ತುಂಟಾ?"

ಕೇಳಿದೆ. ಪ್ರೆಸಿಡೆಂಟ್ ಎಂಬ ಮಾತು ಅವಳಿಗೆ ಕೇಳಿಸುತ್ತಿತ್ತಂತೆ. ಕೀನ್ಯಾದ ಅಧ್ಯಕ್ಷರಿಗೆ ಎಂದುಕೊಂಡಿದ್ದಳು. ನಮ್ಮ ದೇಶಕ್ಕಾಗಿ ಶೋಶೋ ಇಷ್ಟು ಪ್ರಾರ್ಥಿಸುತ್ತಾರಲ್ಲ ಎಂದು ಮನೆಯಲ್ಲಿ ಮಕ್ಕಳಿಗೂ ಹೇಳಿದ್ದಳು.

"ನಾನು ಅರ್ಧ ಹೇಳಿದ್ದು," ಎಂದರು ಅತ್ತೆ. "ಉಳಿದರ್ಧ ಇವಳ ಬಾಯಿಂದಲೇ ಹೇಳಿಸಿದೆ. ಇವಳ ಬಾಯಿಂದಲೇ, ಬಾಯೆ." ಅವರಿಗೆ ಕೂರಲು ಜಾಗ ಬೇಕಿತ್ತು. ಸ್ಟೂಲಿನ ಮೇಲೆ ಮಾಮಾ ಕುಳಿತಿದ್ದಳು. ಅತ್ತೆ ನೆಲದಲ್ಲಿ, ತುರಿದ ತೆಂಗಿನಕಾಯಿಯ ಪಕ್ಕದಲ್ಲಿ ಕುಳಿತರು.

ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು ಮತ್ತೆ ಒಲೆ ಹಚ್ಚಿದರು. ನಾನು, "ಇನ್ನೂ ಮಾಡ್ತೀರಾ ಮಾಂಯ್?" ಎಂದೆ. "ದೇವರಿಗೆ ಹೇಳಿದ್ದು ತಪ್ಪಿಸ್ಲಿಕ್ಕೆ ಆಗುದಿಲ್ಲ. ಯಾರಿಗೆ ಬಡಿಸುದು ಅಂತ ನಾನು ಹೇಳಿರ್ಲಿಲ್ಲ," ಎಂದರು. ವೋರ್ನ್ ಆದ ಮೇಲೆ ಪಾತ್ರೆಗೆ ಮುಚ್ಚಳ ಬಿಗಿದು ಬಟ್ಟೆಯಲ್ಲಿ ಕಟ್ಟಿ ಪೂರ್ತಿ ಮಾಮಾಳ ಮಕ್ಕಳಿಗೆ ಕಳಿಸಿದರು. ನಮ್ಮಲ್ಲಿ ಯಾರೂ ಒಂದು ಚಮಚ ತಿನ್ನಲಿಲ್ಲ. ಅಂದು ತೆರ್ಸ್ ಆಗಲಿಲ್ಲ. ಆದರೆ ಹೊರಡುವಾಗ ಅವಳು ಬಾಗಿಲಲ್ಲಿ ಕೈಮುಗಿದು ನಿಂತಳು, ಅತ್ತೆ ಎರಡೂ ಕೈ ಅವಳ ತಲೆಯ ಮೇಲಿಟ್ಟು ಬೆಸಾಂವ್ ಕೊಟ್ಟರು.

ಮರುದಿನವೇ ಅವಳನ್ನು ಹರ್ಲಿಂಗ್‌ಹ್ಯಾಮಿನ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಅತ್ತೆಯೂ ಬಂದರು, ಬೇಡವೆಂದರೂ ಕೇಳಲಿಲ್ಲ. ನಾಲ್ಕನೆಯ ತಿಂಗಳು ನಡೆಯುತ್ತಿತ್ತು. ಡಾಕ್ಟರಮ್ಮ ಹಳೆಯ ಹೆರಿಗೆಯ ವಿಷಯ ಕೇಳಿ, ಹೊಟ್ಟೆ ಒತ್ತಿ ನೋಡಿ, ನನ್ನ ಕಡೆ ತಿರುಗಿ, ತಾಯಿಯ ಜೀವಕ್ಕೆ ಅಪಾಯ ಇರುವಾಗ ಕಾನೂನಿನಲ್ಲಿ ಒಂದು ದಾರಿ ಇದೆ ಎಂದು ಶುರುಮಾಡಿದರು. ಅತ್ತೆಯ ಕೊರಳಿನ ಶಿಲುಬೆ ಕಂಡು ಅಲ್ಲಿಗೇ ನಿಲ್ಲಿಸಿದರು. ಅತ್ತೆಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆದರೆ ನಿಲ್ಲಿಸಿದ್ದು ಅರ್ಥವಾಯಿತು. "ಅವರು ಹೇಳ್ಬೇಕಾದ್ದನ್ನು ಹೇಳ್ಲಿ. ನಾನು ಹೊರಗೆ ಕೂತ್ಕೊಳ್ತೇನೆ," ಎಂದು ಎದ್ದು ಹೋದರು. ನಮ್ಮತ್ತೆ ಹಾಗೆ ಮಾಡಿಯಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಡಾಕ್ಟರಮ್ಮ ಅವಳಿಗೇ ಸ್ವಾಹಿಲಿಯಲ್ಲಿ ಎಲ್ಲ ಹೇಳಿದರು. ಮಾಮಾ ಕೇಳಿಸಿಕೊಂಡು ಇಲ್ಲ ಎಂದು ತಲೆಯಾಡಿಸಿದಳು. ಬಂದ ಮಗುವನ್ನು ನಾನು ಕಳೆದುಕೊಳ್ಳುವುದಿಲ್ಲ, ನಾನು ಕೇಳಿದ್ದು ಸೂಜಿ ಮಾತ್ರ, ಎಂದಳು. ಅದನ್ನು ನಾನು ಮರೆತಿಲ್ಲ. ಗರ್ಭಪಾತ ತಡೆಯುತ್ತೇವೆ ಎಂದು ಲೋಕವೆಲ್ಲ ಸಾರಿಕೊಂಡು ಅವರು ಕಿತ್ತುಕೊಂಡದ್ದು ಇವಳ ಸೂಜಿಯನ್ನು.

ಆಮೇಲೆ ಅವಳು ನಮ್ಮಲ್ಲಿ ಕೆಲಸ ಮಾಡಿದ್ದು ಹೆಸರಿಗೆ. ಭಾರ ಎತ್ತಿದರೆ ಅತ್ತೆ ಕೂಗುತ್ತಿದ್ದರು. ತಾವೇ ತೆಂಗಿನಕಾಯಿ ತುರಿದು, ತಾವೇ ಪಾತ್ರೆ ತೊಳೆದು, ಅವಳಿಗೆ ಹುರುಳಿ ಸಾರು ಮಾಡಿ ಕುಡಿಸುತ್ತಿದ್ದರು. "ತವರುಮನೆಗೆ ಬಂದ ಹಾಗೆ ಕೂತಿದ್ದಾಳೆ ನೋಡು," ಎಂದು ಗಂಡ ತಮಾಷೆ ಮಾಡಿದರೆ, "ನೀನು ಸುಮ್ನೆ ಇರು ಮಾರಾಯ," ಎಂದು ಗದರುತ್ತಿದ್ದರು. ತೆರ್ಸ್ ಮತ್ತೆ ಐದು ಗಂಟೆಗೇ ನಡೆಯಿತು. ಕೋರಿಕೆಗಳು ಬಂದಾಗ ಪೋಪರಾದ ಮೇಲೆ ಈಗ ಮಾಮಾ. ಅದು ಯಾರಿಗೆ ಎಂದು ನನ್ನಿಂದ ಅವಳಿಗೆ ಮೊದಲೇ ಹೇಳಿಸಿದರು. ಅವಳು ನಾಚಿಕೊಂಡು, ತನಗಾಗಿಯೇ ತಾನು ಉಳಿದರ್ಧ ಹೇಳುತ್ತಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ಹೇಳಿಟ್ಟಿದ್ದೆವು. ತಿಂಗಳು ತುಂಬಿದ ಮೇಲೆ ನಮ್ಮಲ್ಲೇ ಬಂದಿರಬೇಕು ಎಂದೂ ಮಾತಾಗಿತ್ತು.

ತಿಂಗಳು ತುಂಬಲಿಲ್ಲ. ಅಲ್ಲಿಯ ಮಾರ್ಚ್ ತಿಂಗಳ ಮಳೆ ಶುರುವಾಗುವ ಮುಂಚೆಯೇ ಒಂದು ಭಾನುವಾರ ಮನೆಯಲ್ಲೇ ನೋವು ಬಂತು. ಗಾಡಿ ಸಿಗುವುದು ತಡವಾಯಿತು, ರಕ್ತ ನಿಲ್ಲಲಿಲ್ಲ, ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿದ್ದಳು. ಸೋಮವಾರ ಅವಳ ತಂಗಿ ಬಂದು ಹೇಳಿದಳು. ಮಗು ಬದುಕಿತು, ಹೆಣ್ಣು. ಹೆಣವನ್ನು ಪಶ್ಚಿಮದ ಅವಳ ಊರಿಗೆ ಒಯ್ದರು, ಮಕ್ಕಳೆಲ್ಲ ಅಲ್ಲೇ ಅಜ್ಜಿಯ ಬಳಿ ಉಳಿದರು. ಅಧ್ಯಕ್ಷರೇ ಕೊಂದರು ಎಂದರೆ ನನ್ನ ಗಂಡ ಒಪ್ಪುವುದಿಲ್ಲ. ಗಾಡಿ, ರಸ್ತೆ, ದೂರದ ಕ್ಲಿನಿಕ್ಕಿನವರು, ಅವಳ ಗಂಡ, ಎಲ್ಲರ ಪಾಲೂ ಇದೆ ಎನ್ನುತ್ತಾರೆ. ಇರಲಿ, ಹಂಚಿಕೊಳ್ಳಲಿ.

ಕೆಲವು ದಿನ ನಮ್ಮಲ್ಲಿ ತೆರ್ಸ್ ಆಗಲಿಲ್ಲ. ಆಮೇಲೆ ಒಂದು ಸಂಜೆ ಐದು ಗಂಟೆಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಎಂದಿನಂತೆ ಕುಳಿತರು. ನಾನು ನೋಟ್‌ಬುಕ್ ಬದಿಗಿಟ್ಟು ಎದುರು ಕುಳಿತೆ, ಉಳಿದರ್ಧ ಹೇಳಲು. ಅವರು ಕೈಯೆತ್ತಿ ಬೇಡ ಎಂದರು. ಕೊಂಕಣಿಯಲ್ಲಿ ಮೊದಲರ್ಧ ಹೇಳಿದರು. ನಿಲ್ಲಿಸಿದರು, ಅವಳು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ನಂತರ ಎರಡು ವರ್ಷ ದಿನವೂ ಕಿವಿಗೆ ಬಿದ್ದು ಗೊತ್ತಿಲ್ಲದೆ ಬಾಯಿಗೆ ಬಂದಿದ್ದ ಆ ಉಳಿದರ್ಧವನ್ನು ತಾವೇ ಸ್ವಾಹಿಲಿಯಲ್ಲಿ ಹೇಳಿದರು.

ತೀರಿಹೋದವರಿಗೆ ಒಂದು, ಅದರಲ್ಲಿ ಅವಳ ಹೆಸರು ಬಂತು. ಪೋಪರಿಗೆ ಒಂದು. ಆಮೇಲೆ ಪಾಪಿಗಳ ಮನಸ್ಸು ತಿರುಗಲಿ ಎಂಬ ಕೋರಿಕೆ. ಅಲ್ಲಿ ಅತ್ತೆ ತಡೆದರು.

"ಇದು ಅಮೆರಿಕದ ಪ್ರೆಸಿಡೆಂಟರಿಗೆ," ಎಂದರು. "ಮತ್ತೆ ನಂಗೆ."

ಮೊದಲರ್ಧ ಹೇಳಿ, ಕಾದು, ಅವರು ಅವಳ ಅರ್ಧಕ್ಕೆ ಬಂದರು. "ಉಟುಒಂಬೇ ಸಿಸಿ ವಕೋಸೇಫು, ಸಾಸಾ ನಾ ಸಾ ಯಾ ಕುಫಾ ಕ್ವೇಟು." ಪಾಪಿಗಳಾದ ನಮಗಾಗಿ ಪ್ರಾರ್ಥಿಸು, ಈಗಲೂ ನಮ್ಮ ಸಾವಿನ ಗಳಿಗೆಯಲ್ಲೂ. ತೆರ್ಸ್ ಮುಗಿದ ಮೇಲೆ ನಾನು ಎದ್ದು ಕೈಮುಗಿದು ನಿಂತೆ. ಅತ್ತೆ ಕೈಯೆತ್ತಲಿಲ್ಲ. "ಇವತ್ತು ನೀನು ಕೊಡು ಬಾಯೆ," ಎಂದು ತಲೆ ಬಗ್ಗಿಸಿದರು.